ಮನೆಯ ಹುಡುಗ ಮತ್ತು ಜರ್ನಿಮನ್ ಸಂಬಳ

ಮಾನ್ಯರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಿಮ್ಮ ಯಜಮಾನರದು ಸಿ-10 ಲೈಸೆನ್ಸಿನ ಸಣ್ಣ ಎಲೆಕ್ಟ್ರಿಕಲ್ ಕಂಪನಿ, ಲೆಕ್ಕಪತ್ರ ನಿಮ್ಮದು. ಟ್ರೇಸಿಯ ಸರ್ಕಾರಿ ಶಾಲೆಯೊಂದರ ನವೀಕರಣದಲ್ಲಿ, ದೊಡ್ಡ ಕಂಟ್ರಾಕ್ಟರೊಬ್ಬರ ಕೈಕೆಳಗೆ, 24,000 ಡಾಲರಿನ ವೈರಿಂಗ್ ಸಬ್‌ಕಾಂಟ್ರಾಕ್ಟ್ ಸಿಕ್ಕಿದೆ. ದಾವಣಗೆರೆಯಲ್ಲಿ ಐಟಿಐ ಮುಗಿಸಿ ಬಂದ ಅಕ್ಕನ ಮಗ ಎಲೆಕ್ಟ್ರಿಷಿಯನ್ ಟ್ರೈನಿ ಕಾರ್ಡ್ ಮಾಡಿಸಿಕೊಂಡು ಅಲ್ಲಿ ದುಡಿಯುತ್ತಿದ್ದಾನೆ. ಪೇರೋಲಿನಲ್ಲಿ ಅವನನ್ನು ಅಪ್ರೆಂಟಿಸ್ ಎಂದು ಬರೆದು, ಅಪ್ರೆಂಟಿಸ್ ದರವನ್ನೇ ಕೊಟ್ಟಿದ್ದೀರಿ. ಕೆಲಸ ಶುರುವಾದ ಮೂರನೇ ವಾರ ದೊಡ್ಡ ಕಂಟ್ರಾಕ್ಟರು "ಡಿಎಎಸ್ 140 ಎಲ್ಲಿ?" ಎಂದು ರಾಜ್ಯದ ಅಪ್ರೆಂಟಿಸ್ ವಿಭಾಗದ ನಮೂನೆಯೊಂದನ್ನು ಕೇಳಿದ್ದಾರೆ. 30,000 ಡಾಲರಿನೊಳಗಿನ ಕೆಲಸಕ್ಕೂ ಇದೆಲ್ಲ ಬೇಕೇ, ನಮ್ಮ ಹುಡುಗನಿಗೆ ನಾವು ಕೆಲಸ ಕಲಿಸಿದರೆ ತಪ್ಪೇನು, ಪೂರ್ತಿ ದರಕ್ಕೆ ಕೊಡಬೇಕಾದ ಬಾಕಿ ಹಣವನ್ನು ಚೆಕ್ಕಿನಲ್ಲಿ ಕೊಟ್ಟು ಮನೆಯಲ್ಲಿ ವಾಪಸ್ ಪಡೆದರೆ ಆದೀತೇ, ಇದೆಲ್ಲ ಸಣ್ಣವರನ್ನು ಹೊರಗಿಡುವ ಹುನ್ನಾರವಲ್ಲವೇ ಎಂದು ಕೇಳಿದ್ದೀರಿ.

ಚೆಕ್ಕಿನ ವಿಷಯ ಮೊದಲು. ಬೇಡ, ದಯವಿಟ್ಟು ಆ ಯೋಚನೆಯನ್ನೇ ಬಿಟ್ಟುಬಿಡಿ. ಸರ್ಕಾರಿ ಕಾಮಗಾರಿಯಲ್ಲಿ ದುಡಿದವನ ಸಂಬಳದಲ್ಲಿ ಪಾಲು ವಾಪಸ್ ಪಡೆಯುವುದು ಕ್ಯಾಲಿಫೋರ್ನಿಯಾ ಲೇಬರ್ ಕೋಡಿನ 1778ನೇ ಸೆಕ್ಷನ್ ಪ್ರಕಾರ ಫೆಲನಿ, ಅಂದರೆ ಜೈಲು ಕಾಣಿಸುವ ಗಂಭೀರ ಅಪರಾಧ. ಕೊಟ್ಟವನು ಅಕ್ಕನ ಮಗ, ಪಡೆದವರು ಚಿಕ್ಕಮ್ಮ ಎಂಬ ಕಾರಣಕ್ಕೆ ಕಾನೂನು ಬಿಡುವುದಿಲ್ಲ. ಮೇಲಾಗಿ ಸರ್ಟಿಫೈಡ್ ಪೇರೋಲಿನ, ಅಂದರೆ ಸರ್ಕಾರಿ ಕಾಮಗಾರಿಗೆ ಸಲ್ಲಿಸುವ ದೃಢೀಕೃತ ಸಂಬಳಪಟ್ಟಿಯ, ಕೆಳಗೆ ನೀವು ಹಾಕುವ ಸಹಿ ಪ್ರಮಾಣ ಮಾಡಿ ಹೇಳಿದ ಮಾತಿಗೆ ಸಮ. ಅವನ ಊಟ-ವಸತಿ ನಿಮ್ಮ ಮನೆಯಲ್ಲೇ ಎಂದು ಬರೆದಿದ್ದೀರಿ. ಅದು ನಿಮ್ಮ ಪ್ರೀತಿ, ಸಂಬಳದ ಲೆಕ್ಕದೊಳಗೆ ಅದನ್ನು ತರಬೇಡಿ.

ಇನ್ನು 30,000 ಡಾಲರಿನ ಮಿತಿ. ಬಹಳ ಜನ ಎಡವುವುದು ಇಲ್ಲೇ. ಸರ್ಕಾರಿ ಕಾಮಗಾರಿಯಲ್ಲಿ ಅಪ್ರೆಂಟಿಸ್‌ಗಳನ್ನು ದುಡಿಸಿಕೊಳ್ಳಬೇಕು ಎಂಬ ನಿಯಮ ಇರುವುದು 1777.5ನೇ ಸೆಕ್ಷನ್‌ನಲ್ಲಿ. ಅದರಲ್ಲಿ ವಿನಾಯಿತಿ ಸಿಗುವುದು ಮುಖ್ಯ ಗುತ್ತಿಗೆಯೇ 30,000 ಡಾಲರಿಗಿಂತ ಕಡಿಮೆ ಇದ್ದಾಗ, ಇಲ್ಲವೇ ನಿಮ್ಮಂಥವರು ಯಾರ ಕೈಕೆಳಗೂ ಅಲ್ಲದೆ ನೇರವಾಗಿ ಹಿಡಿದ ಕೆಲಸ ಅಷ್ಟರೊಳಗಿದ್ದಾಗ. ದೊಡ್ಡ ಗುತ್ತಿಗೆಯ ಕೆಳಗೆ ನೀವು 24,000ದ್ದಲ್ಲ, 4,000 ಡಾಲರಿನ ಕೆಲಸ ಹಿಡಿದಿದ್ದರೂ ನಿಯಮದೊಳಗೇ ಇರುತ್ತೀರಿ. ಚಾಲ್ತಿ ವೇತನ, ಅಂದರೆ ಆ ಜಾಗದಲ್ಲಿ ಆ ಕಸುಬಿಗೆ ಸರ್ಕಾರ ಗೊತ್ತುಮಾಡಿದ ದರ, ಕೊಡಬೇಕಾದ ಮಿತಿಯಂತೂ ಇನ್ನೂ ಕೆಳಗೆ: ಸಾರ್ವಜನಿಕ ಹಣದ ಕಾಮಗಾರಿ 1,000 ಡಾಲರ್ ದಾಟಿದರೆ ಸಾಕು. "ನಮ್ಮ ಕರಾರಿನಲ್ಲಿ ಬರೆದೇ ಇರಲಿಲ್ಲ" ಎನ್ನುವ ಮಾತೂ ನಿಲ್ಲುವುದಿಲ್ಲ. ಲುಸಾರ್ಡಿ ಕನ್‌ಸ್ಟ್ರಕ್ಷನ್ ಮೊಕದ್ದಮೆಯಲ್ಲಿ 1992ರಲ್ಲೇ ರಾಜ್ಯದ ಸುಪ್ರೀಂ ಕೋರ್ಟ್, ಈ ವೇತನ ಕೊಡುವ ಹೊಣೆ ಕಾನೂನಿನಿಂದ ಬಂದದ್ದು, ಕರಾರಿನಲ್ಲಿ ಇರಲಿ ಬಿಡಲಿ ಕೊಡಲೇಬೇಕು ಎಂದಿದೆ.

ಈಗ ಹುಡುಗನ ವಿಷಯ. ಊರಿನ ತಿಳುವಳಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಐಟಿಐ ಮುಗಿಸಿದ ಹುಡುಗ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋದರೆ ಅವನಿಗೆ ಸಿಗುವುದು ಸ್ಟೈಪೆಂಡ್. 1961ರ ಅಪ್ರೆಂಟಿಸ್ ಕಾಯ್ದೆಯೇ ಅವನನ್ನು ತರಬೇತಿ ಪಡೆಯುವವನು ಎನ್ನುತ್ತದೆ, ಕಾರ್ಮಿಕ ಎನ್ನುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಪ್ರೆಂಟಿಸ್ ಕಾರ್ಮಿಕನೇ. ರಾಜ್ಯ ಮಾನ್ಯ ಮಾಡಿದ ಕಾರ್ಯಕ್ರಮಕ್ಕೆ ಸೇರಿ, ಲಿಖಿತ ಒಪ್ಪಂದ ಮಾಡಿಕೊಂಡು, ತರಗತಿಗೂ ಹೋಗುತ್ತ, ಜರ್ನಿಮನ್, ಅಂದರೆ ಕಸುಬು ಪೂರ್ತಿ ಕಲಿತ ಅನುಭವಿ ಕೆಲಸಗಾರನ, ಜೊತೆ ದುಡಿಯುವವನು. ಅವನ ಸಂಬಳ ಜರ್ನಿಮನ್ ದರದ ಇಂತಿಷ್ಟು ಪಾಲು ಎಂದು ಶುರುವಾಗಿ ಹಂತಹಂತವಾಗಿ ಏರುತ್ತದೆ. ಸರ್ಕಾರಿ ಕಾಮಗಾರಿಯಲ್ಲಿ ಆ ಕಡಿಮೆ ದರ ಕೊಡಬಹುದಾದದ್ದು ಹೀಗೆ ನೋಂದಣಿಯಾದವನಿಗೆ ಮಾತ್ರ. ಟ್ರೈನಿ ಕಾರ್ಡ್ ಬೇರೆಯದೇ ವ್ಯವಸ್ಥೆ. ನೋಂದಣಿ ಇಲ್ಲದವನು ಎಷ್ಟೇ ಹೊಸಬನಿರಲಿ, ಅವನು ಮಾಡಿದ ಕೆಲಸಕ್ಕೆ ಪೂರ್ತಿ ಜರ್ನಿಮನ್ ದರ ಸಲ್ಲಬೇಕು. ಅದೂ ಫ್ರೀಮಾಂಟ್ ಇರುವ ಅಲಮೀಡ ಕೌಂಟಿಯ ದರವಲ್ಲ, ಕೆಲಸದ ಜಾಗ ಟ್ರೇಸಿಯಾದ್ದರಿಂದ ಸ್ಯಾನ್ ವಾಕೀನ್ ಕೌಂಟಿಯದು. ಆ ದರಪಟ್ಟಿಯಲ್ಲಿ ಮೂಲ ವೇತನದ ಪಕ್ಕದಲ್ಲೇ ಆರೋಗ್ಯ ವಿಮೆ, ಪಿಂಚಣಿ, ರಜೆಯ ಕಾಲಂಗಳಿವೆ. ಆ ಸೌಲಭ್ಯಗಳನ್ನು ನೀವು ಕೊಡದಿದ್ದರೆ ಆ ಮೊತ್ತವೂ ಅವನ ಕೈಗೇ ಹೋಗಬೇಕು. ಮೂಲ ವೇತನ ಒಂದನ್ನೇ ನೋಡಿ ಬಿಡ್ ಹಾಕಿ ಕೈ ಸುಟ್ಟುಕೊಳ್ಳುವವರು ಕಡಿಮೆಯಿಲ್ಲ.

ಆದ್ದರಿಂದ ಈ ವಾರವೇ ಮಾಡಬೇಕಾದ ಮೊದಲ ಕೆಲಸ, ವ್ಯತ್ಯಾಸವನ್ನು ಲೆಕ್ಕ ಹಾಕಿ ಹುಡುಗನಿಗೆ ಕೊಡುವುದು, ಪೇರೋಲನ್ನು ತಿದ್ದಿ ಮತ್ತೆ ಸಲ್ಲಿಸುವುದು. ಕಡಿಮೆ ಸಂಬಳಕ್ಕೆ ಒಬ್ಬೊಬ್ಬನಿಗೆ ದಿನಕ್ಕೆ 200 ಡಾಲರ್‌ವರೆಗೆ ದಂಡ ಬೀಳಬಹುದು. ಲೇಬರ್ ಕಮಿಷನರ್ ಕಚೇರಿ ಬಾಗಿಲು ತಟ್ಟುವ ಮೊದಲೇ ತಾನಾಗಿ ಸರಿಪಡಿಸಿಕೊಂಡವರ ಮಾತಿಗೆ ತೂಕ ಜಾಸ್ತಿ.

ಎರಡನೆಯದು ಡಿಎಎಸ್ 140. ನಿಮಗೆ ಗುತ್ತಿಗೆ ಸಿಕ್ಕಿದೆ ಎಂದು ಅಪ್ರೆಂಟಿಸ್ ಕಾರ್ಯಕ್ರಮ ನಡೆಸುವ ಸಮಿತಿಗಳಿಗೆ ತಿಳಿಸುವ ಪತ್ರ ಅದು, ಅಷ್ಟೇ. ಕರಾರಿಗೆ ಸಹಿ ಬಿದ್ದ ಹತ್ತು ದಿನದೊಳಗೆ ಹೋಗಬೇಕಿತ್ತು, ನಿಮ್ಮ ಆಳು ಅದಕ್ಕೂ ಮೊದಲೇ ಕೆಲಸಕ್ಕೆ ಇಳಿದರೆ ಆ ದಿನಕ್ಕೇ. ನೀವು ಯಾವ ಕಾರ್ಯಕ್ರಮಕ್ಕೂ ಸೇರಿದವರಲ್ಲ, ಹಾಗಾಗಿ ಕೆಲಸದ ಜಾಗ ಯಾವ್ಯಾವ ಎಲೆಕ್ಟ್ರಿಷಿಯನ್ ಸಮಿತಿಗಳ ವ್ಯಾಪ್ತಿಗೆ ಬರುತ್ತದೋ ಅಷ್ಟಕ್ಕೂ ಕಳಿಸಿ. ತಡವಾದ ಪ್ರತಿ ದಿನಕ್ಕೆ 100 ಡಾಲರ್‌ವರೆಗೆ ದಂಡ ಹಾಕಲು ಅವಕಾಶವಿದೆ. ಹಾಗಾಗಿ ನಾಳೆ ಎನ್ನದೆ ಇಂದೇ ಕಳಿಸಿ, ಕಳಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ.

ಇದರ ಜೊತೆಗೇ ಡಿಎಎಸ್ 142. ಅಪ್ರೆಂಟಿಸ್ ಕಳಿಸಿಕೊಡಿ ಎಂಬ ಕೋರಿಕೆ ಇದು. ಅವನು ಬೇಕಾದ ದಿನಕ್ಕೆ ಕನಿಷ್ಠ 72 ಗಂಟೆ ಮುಂಚೆ ಸಲ್ಲಬೇಕು, ಶನಿವಾರ, ಭಾನುವಾರ, ರಜಾದಿನ ಲೆಕ್ಕಕ್ಕಿಲ್ಲ. ಗುರುವಾರ ಬೇಕಿದ್ದರೆ ಸೋಮವಾರವೇ ಕಳಿಸಿರಬೇಕು. ಜರ್ನಿಮನ್‌ಗಳ ಐದು ಗಂಟೆ ಕೆಲಸಕ್ಕೆ ಅಪ್ರೆಂಟಿಸ್‌ನದು ಒಂದು ಗಂಟೆ ಎಂಬುದು ಲೆಕ್ಕ. ನಿಮ್ಮ ಇಬ್ಬರು ಜರ್ನಿಮನ್‌ಗಳು ದಿನಕ್ಕೆ ಎಂಟು ಗಂಟೆಯಂತೆ ಹತ್ತು ದಿನ ದುಡಿದರೆ 160 ಗಂಟೆ, ಅದಕ್ಕೆ ಅಪ್ರೆಂಟಿಸ್‌ನ 32 ಗಂಟೆ, ಅಂದರೆ ನಾಲ್ಕು ದಿನ. ಗುತ್ತಿಗೆ ಮುಗಿಯುವುದರೊಳಗೆ ಇದು ಸರಿದೂಗಬೇಕು. ನಿಮ್ಮ ಹುಡುಗನ ಗಂಟೆಗಳು ಈ 32ರಲ್ಲಿ ಸೇರುವುದಿಲ್ಲ, ಈಗ ಅವನು ಲೆಕ್ಕದಲ್ಲಿ ಜರ್ನಿಮನ್ ಬದಿಗೇ ಬರುತ್ತಾನೆ. ಸಾಕಷ್ಟು ಮುಂಚಿತವಾಗಿ ಎಲ್ಲ ಸಮಿತಿಗಳನ್ನೂ ಕೇಳಿ, ಯಾರೂ ಕಳಿಸದಿದ್ದರೆ ತಪ್ಪು ನಿಮ್ಮ ತಲೆಗೆ ಬರುವುದಿಲ್ಲ. ಕೇಳದೇ ಇದ್ದರೆ ಖಂಡಿತ ಬರುತ್ತದೆ.

ತರಬೇತಿ ನಿಧಿಯ ವಂತಿಗೆಯನ್ನೂ ಮರೆಯಬೇಡಿ. ಅಪ್ರೆಂಟಿಸ್ ಬರಲಿ ಬಿಡಲಿ, ದುಡಿದ ಗಂಟೆಗೆ ಇಷ್ಟು ಎಂದು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅದನ್ನು ಕೆಲಸಗಾರನ ಕೈಗೆ ನಗದಾಗಿ ಕೊಟ್ಟರೆ ಕಟ್ಟಿದಂತಾಗುವುದಿಲ್ಲ.

ಹುನ್ನಾರವೇ ಎಂದಿರಿ. ಸರ್ಕಾರಿ ಕಾಮಗಾರಿಗೆ ಚಾಲ್ತಿ ವೇತನ ಕೊಡಿಸುವ ಅಮೆರಿಕದ ಒಕ್ಕೂಟ ಸರ್ಕಾರದ ಡೇವಿಸ್-ಬೇಕನ್ ಕಾಯ್ದೆ ಬಂದದ್ದು 1931ರಲ್ಲಿ, ಕ್ಯಾಲಿಫೋರ್ನಿಯಾದ ಕಾಯ್ದೆಯೂ ಅದೇ ವರ್ಷದ್ದು. ಅಲಬಾಮಾದ ಕಂಟ್ರಾಕ್ಟರೊಬ್ಬ ತನ್ನ ಕಡೆಯ ಕಡಿಮೆ ಕೂಲಿಯ ಆಳುಗಳನ್ನು ಕರೆತಂದು ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಸೈನಿಕರ ಆಸ್ಪತ್ರೆ ಕಟ್ಟಿದ್ದು ಒಕ್ಕೂಟದ ಕಾಯ್ದೆಯ ಚರ್ಚೆಗೆ ಕಿಡಿಯಾಯಿತು. ಆ ಆಳುಗಳಲ್ಲಿ ಕರಿಯರಿದ್ದರು, ಚರ್ಚೆಯಲ್ಲಿ ವರ್ಣದ್ವೇಷವೂ ಬೆರೆತಿತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಈ ನಿಯಮ ಬೇಕು ಎಂದೇ ನನ್ನ ಅಭಿಪ್ರಾಯ. ಕಡಿಮೆ ಬಿಡ್ ಹಾಕಿದವರಿಗೇ ಕೆಲಸ ಎಂದಾದಾಗ ಮೊದಲು ಕತ್ತರಿ ಬೀಳುವುದು ಕೂಲಿಗೆ. ಎಲ್ಲರಿಗೂ ಒಂದೇ ವೇತನ ಎಂದಾದರೆ ನಿಮ್ಮ ಯಜಮಾನರು ತಮ್ಮ ಕೈಚಳಕದ ಮೇಲೆ, ಅಚ್ಚುಕಟ್ಟಿನ ಮೇಲೆ ದೊಡ್ಡವರೊಡನೆ ಪೈಪೋಟಿಗಿಳಿಯಬಹುದು. ಕಾಗದಪತ್ರದ ಹೊರೆ ಸಣ್ಣವರಿಗೆ ಹೆಚ್ಚು ಎಂಬ ನಿಮ್ಮ ದೂರು ಮಾತ್ರ ನ್ಯಾಯವಾದದ್ದು. ಬೇರೆ ಗುಮಾಸ್ತರಿಲ್ಲದ ಮನೆಯಲ್ಲಿ ಅಡುಗೆ ಮುಗಿಸಿ ರಾತ್ರಿ ಪೇರೋಲ್ ತುಂಬುವ ಕಷ್ಟವನ್ನು ನಿಯಮ ಬರೆದವರು ಗಮನಿಸಿಲ್ಲ.

ಹುಡುಗನನ್ನು ಕಾರ್ಯಕ್ರಮಕ್ಕೆ ಸೇರಿಸಿ. ಎಲೆಕ್ಟ್ರಿಷಿಯನ್‌ಗೆ ಸಾಮಾನ್ಯವಾಗಿ ಐದು ವರ್ಷ, 8,000 ಗಂಟೆ ಕೆಲಸ. ಯೂನಿಯನ್ನಿನ ಜಂಟಿ ಸಮಿತಿಗಳೂ ಇವೆ, ಯೂನಿಯನ್ ಹೊರಗಿನವೂ ಇವೆ. ದಾವಣಗೆರೆಯ ಐಟಿಐ ಪ್ರಮಾಣಪತ್ರ, ಅಂಕಪಟ್ಟಿ, ಅಲ್ಲಿ ದುಡಿದಿದ್ದರೆ ಅದರ ಪತ್ರ, ಇಷ್ಟನ್ನೂ ಅರ್ಜಿಯ ಜೊತೆ ಇಡಲಿ. ಹಿಂದಿನ ಅನುಭವಕ್ಕೆ ಸಮಿತಿ ಮನ್ನಣೆ ಕೊಟ್ಟರೆ ಮೇಲಿನ ಹಂತದಿಂದಲೇ ಶುರು ಮಾಡಬಹುದು. ಇಷ್ಟರ ನಡುವೆ ಲೇಬರ್ ಕಮಿಷನರಿಂದ ದಂಡದ ಆದೇಶ ಬಂದರೆ ಮರುಪರಿಶೀಲನೆ ಕೇಳಲು 60 ದಿನ ಇರುತ್ತದೆ. ಆ ಲಕೋಟೆ ಬಂದ ದಿನವೇ ಈ ಕಾನೂನು ಬಲ್ಲ ವಕೀಲರನ್ನು ಕಾಣಿ.

— ಸಂ.