ಹೊರದೇಶಕ್ಕೆ ಅಕ್ಕಿ ಕಳಿಸುವ ಮೊದಲು ಅಲ್ಲಿ ಇಳಿಸಿಕೊಳ್ಳುವವರು ಯಾರೆಂದು ಗೊತ್ತುಮಾಡಿಕೊಳ್ಳಿ

ಹಾವೇರಿಯ ನಿಮ್ಮ ಸಂಘ ಮನೆಮನೆಯಿಂದ ಕೂಡಿಸಿರುವ ಐವತ್ತು ಕ್ವಿಂಟಲ್ ಅಕ್ಕಿಯನ್ನು, ಹಸಿವಿನಲ್ಲಿರುವ ಹೊರದೇಶವೊಂದಕ್ಕೆ ಸರ್ಕಾರದ ನೆರವಿನೊಡನೆ ಸೇರಿಸಿ ಕಳಿಸಬಹುದೇ ಎಂದು ಕೇಳಿದ್ದೀರಿ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಬಹುಕಾಲ ಧಾನ್ಯದ ವ್ಯಾಪಾರ ಮಾಡಿದವನಾಗಿ ಹೇಳುತ್ತೇನೆ: ಚೀಲ ಹೊಲಿಸಿ ಲಾರಿಗೆ ಹೇರುವುದು ಇದರಲ್ಲಿ ಸುಲಭದ ಭಾಗ. ಆ ಕಡೆ ಯಾರು ಇಳಿಸಿಕೊಂಡು, ಯಾರ ಪಟ್ಟಿಯಂತೆ ಹಂಚುತ್ತಾರೆ ಎಂಬುದು ತೀರ್ಮಾನವಾಗುವವರೆಗೆ ಚೀಲ ಗೋದಾಮು ಬಿಟ್ಟು ಕದಲಬಾರದು.

ಭಾರತ ಸರ್ಕಾರವೇ ಅಫ್ಗಾನಿಸ್ತಾನಕ್ಕೆ 50,000 ಟನ್ ಗೋಧಿ ಕೊಡಲು 2021ರ ಅಕ್ಟೋಬರಿನಲ್ಲಿ ಮುಂದಾದರೂ, ಮೊದಲ 2,500 ಟನ್ ಅಟಾರಿ ಗಡಿ ದಾಟಿದ್ದು 2022ರ ಫೆಬ್ರುವರಿ 22ರಂದು. ಗೋಧಿಗೆ ಕೊರತೆ ಇರಲಿಲ್ಲ. ಪಾಕಿಸ್ತಾನದ ಮೂಲಕ ಹಾದುಹೋಗಲು ಒಪ್ಪಿಗೆ, ಯಾವ ದೇಶದ ಲಾರಿ ಓಡಬೇಕೆಂಬ ಮಾತುಕತೆ, ಅಫ್ಗಾನಿಸ್ತಾನದ ಜಲಾಲಾಬಾದಿನಲ್ಲಿ ಪಡೆದು ಹಂಚಲು ವಿಶ್ವಸಂಸ್ಥೆಯ ಅಂಗವಾದ ವಿಶ್ವ ಆಹಾರ ಕಾರ್ಯಕ್ರಮದೊಡನೆ ಒಪ್ಪಂದ, ಇವುಗಳಲ್ಲೇ ನಾಲ್ಕು ತಿಂಗಳು ಕಳೆದವು. 2022ರಲ್ಲೇ ಶ್ರೀಲಂಕಾಕ್ಕೆ 40,000 ಟನ್ ಅಕ್ಕಿ ಕಳಿಸಲು ಬಯಸಿದ ತಮಿಳುನಾಡು ಕೂಡ, ವಿದೇಶ ವ್ಯವಹಾರ ಕೇಂದ್ರದ ಅಧಿಕಾರವಾದ್ದರಿಂದ, ಅನುಮತಿ ಕೋರಿ ಏಪ್ರಿಲ್ 29ರಂದು ವಿಧಾನಸಭೆಯಲ್ಲಿ ನಿರ್ಣಯ ಮಾಡಬೇಕಾಯಿತು. ಚೆನ್ನೈನಿಂದ ಮೊದಲ ಹಡಗು ಹೊರಟಿದ್ದು ಮೇ 18ಕ್ಕೆ. ತಮಿಳುನಾಡು ಸರ್ಕಾರ ತನ್ನ ಜನರಿಂದ ಕೇಳಿದ್ದು ಹಣವನ್ನು, ಅಕ್ಕಿಯನ್ನಲ್ಲ, ಎಂಬುದನ್ನೂ ಗಮನಿಸಿ.

ಇಪ್ಪತ್ತು ಅಡಿಯ ಕಂಟೇನರಿನಲ್ಲಿ ಸುಮಾರು 25 ಟನ್ ಹಿಡಿಸುತ್ತದೆ. ನಿಮ್ಮದು 5 ಟನ್. ಸೋನಾ ಮಸೂರಿಯೂ ದೋಸೆ ಅಕ್ಕಿಯೂ ಬೆರೆತು, ತೇವಾಂಶ ಒಂದೊಂದು ಚೀಲಕ್ಕೆ ಒಂದೊಂದು ಬಗೆಯಾಗಿರುವ ಅಕ್ಕಿಗೆ ಹುಳ ಬೀಳದಂತೆ ಔಷಧದ ಹೊಗೆ ಹಾಕಿಸಿ, ಹುಳ, ರೋಗ ಇಲ್ಲವೆಂದು ಹೇಳುವ ಸಸ್ಯ ಆರೋಗ್ಯ ಪ್ರಮಾಣಪತ್ರ ಪಡೆದು, ಬಂದರಿನವರೆಗೆ ಸಾಗಿಸುವ ಖರ್ಚು ಅಕ್ಕಿಯ ಬೆಲೆಗೆ ಹೋಲಿಸಿದರೆ ಬಹಳ ಭಾರವಾಗುತ್ತದೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನಾವು ಕೆಲವರು ಕಟಕ ರೊಟ್ಟಿ, ಶೇಂಗಾ ಚಟ್ನಿ ಹೇರಿಕೊಂಡು ನರಗುಂದದ ಕಡೆ ಹೋದೆವು. ರಸ್ತೆ ಬದಿಯ ಊರಿನಲ್ಲಿ ರೊಟ್ಟಿ ರಾಶಿ ಬಿದ್ದಿತ್ತು. ಒಳಗಿನ ಹಳ್ಳಿಗಳಿಗೆ ಸಂಜೆಯಾದರೂ ಏನೂ ಮುಟ್ಟಿರಲಿಲ್ಲ. ಮೊದಲೇ ವಿಚಾರಿಸದೆ ಹೊರಟ ತಪ್ಪು ನಮ್ಮದು, ಅದು ಇಂದಿಗೂ ನನ್ನನ್ನು ಕಾಡುತ್ತದೆ. ಎರಡು ತಾಸಿನ ದಾರಿಯಲ್ಲೇ ಹೀಗಾದರೆ ಸಮುದ್ರದಾಚೆ ಏನಾಗಬಹುದು ಯೋಚಿಸಿ.

ಆದ್ದರಿಂದ ಕೊಟ್ಟವರನ್ನೆಲ್ಲ ಕೇಳಿ, ಅವರು ಒಪ್ಪಿದರೆ ಅಕ್ಕಿಯನ್ನು ಇಲ್ಲೇ ಮಾರಿ, ಬಂದ ಹಣವನ್ನೇ ನೆರವಾಗಿ ಕಳಿಸುವ ಯೋಚನೆ ಮಾಡಿ. ನಿಮ್ಮದು ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ಆಗಿದ್ದರೆ, ದೇಶದ ಹೊರಗೆ ಮಾಡಿದ ವೆಚ್ಚಕ್ಕೆ ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಇಲ್ಲದೆ ಆ ವಿನಾಯಿತಿ ಸಿಗುವುದಿಲ್ಲ. ಹಣ ಕಳಿಸುವ ಮೊದಲೇ ನಿಮ್ಮ ಲೆಕ್ಕಪರಿಶೋಧಕರನ್ನು ಕಾಣಿ, ವಿದೇಶಾಂಗ ಸಚಿವಾಲಯಕ್ಕೂ ಒಂದು ಪತ್ರ ಬರೆಯಿರಿ.