ಕೇಬಲ್ ಬಂತು, ಬಿಲ್ ಕಟ್ಟುವವರು ಯಾರು?

ಪ್ರಿಯ ಓದುಗರೇ,

ಅಮೆರಿಕದ ರಾಜ್ಯಗಳ ಬ್ರಾಡ್‌ಬ್ಯಾಂಡ್ ಯೋಜನೆ ಬಗ್ಗೆ ನಮ್ಮ ಲೇಖನ ಓದಿ ಕೇಳಿದ್ದೀರಿ: ಮನೆ ಬಾಗಿಲಿಗೆ ಕೇಬಲ್ ತಂದ ಮೇಲೆ ರಾಜ್ಯ ಸರ್ಕಾರದ ಕೆಲಸ ಮುಗಿಯಿತು, ಬಳಸುವುದು ಬಿಡುವುದು ಅವರವರ ಇಷ್ಟ ಅಲ್ವಾ ಅಂತ. ನಾನು ಒಪ್ಪುವುದಿಲ್ಲ.

2021ರ ನವೆಂಬರ್‌ನ ಮೂಲಸೌಕರ್ಯ ಕಾಯ್ದೆಯಲ್ಲಿ, ಇಂಟರ್ನೆಟ್ ಸೇವೆ ಸರಿಯಾಗಿ ಇಲ್ಲದ ಮನೆಗಳಿಗೆ ಅದನ್ನು ತಲುಪಿಸುವ 'ಬೀಡ್' ಯೋಜನೆಗೆ 4,245 ಕೋಟಿ ಡಾಲರ್ ಇಟ್ಟರು. ಹಣ ಕೇಂದ್ರದ್ದು, ಕೆಲಸ ಮಾಡಿಸುವ ಹೊಣೆ ರಾಜ್ಯಗಳದ್ದು. ಟೆಕ್ಸಾಸ್ ಒಂದರ ಪಾಲೇ 330 ಕೋಟಿಗಿಂತ ಜಾಸ್ತಿ. ಯಾವ ಮನೆಗೆ ಸೇವೆ ಇಲ್ಲ ಅಂತ ರಾಜ್ಯಗಳು ಗುರುತಿಸಬೇಕಿತ್ತು, ಎಲ್ಲಿ ಸೇವೆ ಇದೆ ಅಂತ ತೋರಿಸುವ ನಕ್ಷೆ ಮೇಲಿನ ತಕರಾರು ಕೇಳಬೇಕಿತ್ತು, ಕಂಪನಿಗಳಿಂದ ಅರ್ಜಿ ಕರೆಯಬೇಕಿತ್ತು. ನಕ್ಷೆಯ ಜಗಳ ಸಣ್ಣದಲ್ಲ. ಕಂಪನಿ "ಇಲ್ಲಿ ಸೇವೆ ಇದೆ" ಅಂದಿದ್ದೇ ಉಳಿದರೆ ಆ ಮನೆ ಪಟ್ಟಿಯಿಂದ ಹೊರಗೆ, ಮನೆಯವರು ತಾವೇ ಹೋಗಿ ರಾಜ್ಯದ ಮುಂದೆ ತಕರಾರು ಹಾಕುವಂತೆಯೂ ಇರಲಿಲ್ಲ, ಸ್ಥಳೀಯ ಆಡಳಿತವೋ ಸೇವಾ ಸಂಸ್ಥೆಯೋ ಬೇರೆ ಕಂಪನಿಯೋ ಅವರ ಪರವಾಗಿ ಹಾಕಬೇಕಿತ್ತು. 2025ರ ಜೂನ್‌ನಲ್ಲಿ ಕೇಂದ್ರ ನಿಯಮ ಬದಲಿಸಿ, ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುವ ಕಂಪನಿಗಳಿಗೇ ಆದ್ಯತೆ ಅಂದಿತು. ರಾಜ್ಯಗಳು ಮತ್ತೆ ಅರ್ಜಿ ಕರೆಯಬೇಕಾಯಿತು.

ಇನ್ನು ನಿಮ್ಮ 'ಇಷ್ಟ'ದ ಮಾತು. ಬಡ ಮನೆಗಳಿಗೆ ತಿಂಗಳಿಗೆ 30 ಡಾಲರ್ ರಿಯಾಯಿತಿ ಕೊಡುವ ಕೇಂದ್ರದ ಯೋಜನೆ ಇತ್ತು. 2.3 ಕೋಟಿ ಮನೆಗಳು ಅದರಲ್ಲಿದ್ದವು. ಹಣ ಖಾಲಿಯಾಗಿ 2024ರ ಜೂನ್ 1ಕ್ಕೆ ನಿಂತಿತು. ಅವರಿಗೆಲ್ಲ ಸೇವೆ ಆಗಲೇ ಬಂದಿತ್ತಲ್ಲ, ತೊಂದರೆ ಇದ್ದದ್ದು ಬಿಲ್‌ನಲ್ಲಿ. ಮಕ್ಕಳ ಊಟದ ದುಡ್ಡು ಎಣಿಸುವವರು ಇಂಟರ್ನೆಟ್ ಬಿಟ್ಟರೆ ಅದನ್ನು ಇಷ್ಟ ಅಂತ ಹೇಗೆ ಕರೆಯುವುದು?

ಇಂಟರ್ನೆಟ್ ಬಳಸಲು ಕಲಿಸುವುದೂ ಹೀಗೇ. ವಯಸ್ಸಾದವರು, ಅಂಗವಿಕಲರು, ಇಂಗ್ಲಿಷ್ ಸರಿಯಾಗಿ ಬಾರದವರು ಇಂಥವರಿಗಾಗಿ ಕೇಂದ್ರದ 275 ಕೋಟಿ ಡಾಲರ್ ಇತ್ತು. ರಾಜ್ಯಗಳು ಊರೂರಲ್ಲಿ ಜನರನ್ನು ಕೇಳಿ ಯೋಜನೆ ಬರೆದಿದ್ದವು. 2025ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಅದನ್ನು ನಿಲ್ಲಿಸಿತು. ಇದು ನನಗೆ ತುಂಬಾ ಬೇಸರದ ವಿಷಯ.

ಹಾಗಂತ ರಾಜ್ಯಗಳು ಸುಮ್ನೆ ಕೂರಬೇಕಿಲ್ಲ. ಕಡಿಮೆ ಆದಾಯದವರಿಗೆ ತಿಂಗಳಿಗೆ 15 ಡಾಲರ್‌ಗೆ 25 ಎಂಬಿಪಿಎಸ್ ವೇಗದ ಇಂಟರ್ನೆಟ್ ಕೊಡಲೇಬೇಕು ಅಂತ ನ್ಯೂಯಾರ್ಕ್ 2021ರಲ್ಲೇ ಕಾಯ್ದೆ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ, ಮುಂದಿನ ತಿಂಗಳೇ ಕಾಯ್ದೆ ಜಾರಿಗೆ ಬಂತು. ಇದಕ್ಕೆ ಕೇಂದ್ರದ ಹಣ ಬೇಕಾಗಲಿಲ್ಲ. ಬೇರೆ ರಾಜ್ಯಗಳು ಯಾಕೆ ಮಾಡುತ್ತಿಲ್ಲ ಅನ್ನುವುದನ್ನೇ ನಾವೆಲ್ಲ ಕೇಳಬೇಕು.

– ಸಂಪಾದಕ