ಕುಡಿದು ಗುದ್ದಿದ್ದಾನೆ, ಕಾಲು ಮುರಿದಿದೆ: ದುಡ್ಡು ಕೊಟ್ಟರೆ ಕೇಸು ಮುಗಿಯುತ್ತದಾ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಹೋದ ತಿಂಗಳು ನನ್ನ ತಮ್ಮ ಕುಶಾಲನಗರದಲ್ಲಿ ಮದುವೆ ಮುಗಿಸಿಕೊಂಡು ರಾತ್ರಿ ಅಪ್ಪನ ಕಾರಿನಲ್ಲಿ ಬರುವಾಗ, ರಸ್ತೆ ಬದಿ ನಡೆದು ಹೋಗುತ್ತಿದ್ದ ಒಬ್ಬರಿಗೆ ಗುದ್ದಿದ. ಅವರು ಪಕ್ಕದ ತೋಟದ ಲೈನ್‌ಮನೆಯವರು, ಅಂದರೆ ತೋಟದ ಕೂಲಿಕಾರರ ಸಾಲುಮನೆಯವರು. ತೊಡೆಯ ಮೂಳೆ ಮುರಿದು ಆಪರೇಷನ್ ಆಗಿದೆ. ತಮ್ಮ ಹೆದರಿ ಗಾಡಿ ನಿಲ್ಲಿಸದೆ ಮನೆಗೆ ಬಂದುಬಿಟ್ಟ. ಒಂದೂವರೆ ಗಂಟೆಯಲ್ಲಿ ಪೊಲೀಸರು ಬಂದು ಕರೆದುಕೊಂಡು ಹೋದರು, ಊದಿಸಿದಾಗ 92 ತೋರಿಸಿತು. ಸ್ಟೇಷನ್‌ನಲ್ಲೇ ಜಾಮೀನು ಸಿಕ್ಕಿತು. ಎಫ್‌ಐಆರ್‌ನಲ್ಲಿ 281, 125(ಬಿ), 185, 187 ಅಂತೆಲ್ಲ ಇದೆ. ಎರಡು ಲಕ್ಷ ಕೊಟ್ಟರೆ ಕೇಸು ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಅವರ ಮನೆಯವರು ಹೇಳುತ್ತಿದ್ದಾರೆ. ನಮ್ಮ ಚಿಕ್ಕಪ್ಪ, ತೋಟದ ಜೀಪ್ ಡ್ರೈವರ್ ಓಡಿಸುತ್ತಿದ್ದ ಅಂದುಬಿಡಿ, ಇಲ್ಲ ಮನೆಗೆ ಬಂದ ಮೇಲೆ ಕುಡಿದ ಅನ್ನಿ ಎನ್ನುತ್ತಾರೆ. ತಮ್ಮನಿಗೆ ಜೈಲಾಗುತ್ತದಾ? ಕಾರಿಗೆ ಇನ್ಶೂರೆನ್ಸ್ ಇದೆ.

ಉತ್ತರ: ಮೊದಲು ಚಿಕ್ಕಪ್ಪನ ಸಲಹೆಯನ್ನು ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಅದೊಂದೇ. ಈಗ ಇರುವುದು ನಿಮ್ಮ ತಮ್ಮನೊಬ್ಬನ ಮೇಲಿನ ಕೇಸು. ಡ್ರೈವರ್‌ನನ್ನು ಕರೆತಂದು ನಿಲ್ಲಿಸಿದ ದಿನ ಅದು ಇಡೀ ಮನೆಯ ಮೇಲಿನ ಕೇಸಾಗುತ್ತದೆ. 2024ರ ಪುಣೆಯ ಪೋರ್ಷೆ ಕಾರಿನ ಕೇಸು ನೆನಪಿದೆ ಅಲ್ವಾ? ಇಬ್ಬರು ಸತ್ತರು. ಆಮೇಲೆ ಡ್ರೈವರ್ ತಲೆಗೆ ಕಟ್ಟಲು ಹೊರಟರು, ರಕ್ತದ ಸ್ಯಾಂಪಲ್ ಬದಲಿಸಿದರು ಎಂಬ ಆರೋಪದಲ್ಲಿ ಹುಡುಗನ ಅಪ್ಪ, ಅಮ್ಮ, ಅಜ್ಜ, ಜೊತೆಗೆ ಇಬ್ಬರು ಡಾಕ್ಟರ್‌ಗಳನ್ನೂ ಪೊಲೀಸರು ಹಿಡಿದರು. ಸಾಕ್ಷ್ಯ ಮುಚ್ಚಿಹಾಕುವುದು, ಸುಳ್ಳು ಹೇಳಿ ತಪ್ಪಿತಸ್ಥನನ್ನು ಉಳಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆಯೇ ಅಪರಾಧ. ಆ ಬಡ ಡ್ರೈವರ್ ಕೋರ್ಟಿನ ಕಟಕಟೆ ಹತ್ತಿದ ಮೇಲೆ ಎರಡನೇ ಪ್ರಶ್ನೆಗೇ ನಿಜ ಹೇಳಿಬಿಡುತ್ತಾನೆ. ಹೇಳಲೂ ಬೇಕು.

'ಮನೆಗೆ ಬಂದ ಮೇಲೆ ಕುಡಿದ' ಅನ್ನೋದು ನಮ್ಮ ಜಿಲ್ಲೆಯಲ್ಲಿ ನಾನು ತುಂಬಾ ಸಲ ಕೇಳಿದ ಕಥೆ. ಮದುವೆಮನೆಯಲ್ಲಿ ಗ್ಲಾಸ್ ಹಿಡಿದ ಫೋಟೋ ಅಷ್ಟರಲ್ಲಿ ಹತ್ತು ವಾಟ್ಸಾಪ್ ಗ್ರೂಪಿಗೆ ಹೋಗಿರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಒಳಗೆ ಹೋದ ಮದ್ಯ 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟೇ ಇಳಿಯುತ್ತದೆ, ಬೆಲ್ಲ ಹಾಕಿದ ಕರಿಕಾಫಿ ಎಷ್ಟು ಲೋಟ ಕುಡಿದರೂ ಬೇಗ ಇಳಿಯುವುದಿಲ್ಲ. ಒಂದೂವರೆ ಗಂಟೆ ಬಿಟ್ಟು 92 ಬಂದಿದೆ ಅಂದ್ರೆ ಗುದ್ದಿದ ಹೊತ್ತಿನಲ್ಲಿ ಅದಕ್ಕಿಂತ ಜಾಸ್ತಿಯೇ ಇದ್ದಿರಬಹುದು.

ಈಗ ಸೆಕ್ಷನ್‌ಗಳು. 185 ಮತ್ತು 187 ಮೋಟಾರು ವಾಹನ ಕಾಯ್ದೆಯವು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ 185 ಬೀಳುತ್ತದೆ. ನಿಮ್ಮ ತಮ್ಮನದು ಅದರ ಮೂರು ಪಟ್ಟು. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, 15,000 ದಂಡ. ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟುವಂತೆ ಇದನ್ನು ರಸ್ತೆಯಲ್ಲೇ ಪೊಲೀಸರಿಗೆ ಕಟ್ಟಿ ಮುಗಿಸಲು ಆಗುವುದಿಲ್ಲ, ಕೋರ್ಟಿಗೇ ಹೋಗಬೇಕು. 187 ಬಂದಿರುವುದು ನಿಲ್ಲಿಸದೆ ಹೋಗಿದ್ದಕ್ಕೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಓಡಿಸಿದವನ ಕರ್ತವ್ಯ. ಜನ ಸೇರಿ ಹೊಡೆಯುತ್ತಾರೆ ಅನ್ನೋ ಹೆದರಿಕೆ ಇದ್ದರೆ ಮುಂದೆ ಹೋಗಿ ಹತ್ತಿರದ ಸ್ಟೇಷನ್ನಿಗೆ ಹೋಗಬಹುದಿತ್ತು. ಮನೆಗೆ ಬಂದು ಮಲಗಿದ್ದು ತಪ್ಪು.

281 ಮತ್ತು 125 ನ್ಯಾಯ ಸಂಹಿತೆಯವು. 281 ಅಂದರೆ ಬೇಕಾಬಿಟ್ಟಿ ಓಡಿಸಿದ್ದು. ಇದಕ್ಕೂ 6 ತಿಂಗಳವರೆಗೆ ಜೈಲು ಇದೆ.

ನಿಜವಾದ ಭಾರ ಇರುವುದು 125(ಬಿ)ಯಲ್ಲಿ. ಜನ 'ಎಷ್ಟು ಕುಡಿದಿದ್ದ' ಅಂತ ಕೇಳುತ್ತಾರೆ. ಶಿಕ್ಷೆ ದೊಡ್ಡದಾಗುವುದು ಮಾತ್ರ ಎದುರಿನವನಿಗೆ ಎಷ್ಟು ಗಾಯವಾಯಿತು ಎನ್ನುವುದರ ಮೇಲೆ. ತರಚು ಗಾಯವಾಗಿದ್ದರೆ 125(ಎ), 6 ತಿಂಗಳಿಗೆ ಮುಗಿಯುತ್ತಿತ್ತು. ಮೂಳೆ ಮುರಿದರೆ ಅದು ಕಾನೂನಿನಲ್ಲಿ ತೀವ್ರ ಗಾಯ, 3 ವರ್ಷದವರೆಗೆ ಜೈಲು ಅಥವಾ 10,000 ದಂಡ, ಅಥವಾ ಎರಡೂ. ಮೂಳೆ ಮುರಿಯದಿದ್ದರೂ 15 ದಿನ ತನ್ನ ಕೆಲಸ ಮಾಡಲಾಗದಷ್ಟು ಪೆಟ್ಟಾದರೆ ಅದೂ ತೀವ್ರ ಗಾಯವೇ. ಹಳೇ ಐಪಿಸಿಯಲ್ಲಿ ಇದು 20 ದಿನ ಇತ್ತು, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ 15ಕ್ಕೆ ಇಳಿಸಿದ್ದಾರೆ. ಹಾಗಾಗಿ ಗಾಯ ಎಂಥದ್ದು ಎಂದು ಆಸ್ಪತ್ರೆ ಬರೆದುಕೊಡುವ ವೂಂಡ್ ಸರ್ಟಿಫಿಕೇಟ್ ಈ ಕೇಸಿನಲ್ಲಿ ಊದಿಸಿದ ಚೀಟಿಗಿಂತ ದೊಡ್ಡ ಕಾಗದ.

ಇವೆಲ್ಲ ಜಾಮೀನು ಸಿಗುವ ಸೆಕ್ಷನ್‌ಗಳು, ಅದಕ್ಕೇ ಸ್ಟೇಷನ್‌ನಲ್ಲೇ ಬಿಟ್ಟರು. ಅಷ್ಟಕ್ಕೇ ಸಮಾಧಾನ ಬೇಡ. ಕುಡಿದ ಸ್ಥಿತಿಯಲ್ಲಿ ಹೀಗೆ ಓಡಿಸಿದರೆ ಜನ ಸಾಯಬಹುದು ಎಂದು ಗೊತ್ತಿದ್ದೂ ಓಡಿಸಿದ ಎಂದು ಪೊಲೀಸರಿಗೆ ಅನ್ನಿಸಿದರೆ ಚಾರ್ಜ್‌ಶೀಟ್‌ನಲ್ಲಿ ಅದೇ ಸಂಹಿತೆಯ 110 ಸೇರಿಸಬಹುದು. ಅದರಲ್ಲಿ ಗಾಯವಾಗಿದ್ದರೆ 7 ವರ್ಷದವರೆಗೆ ಶಿಕ್ಷೆ, ಜಾಮೀನು ಸ್ಟೇಷನ್‌ನಲ್ಲಿ ಸಿಗುವುದಿಲ್ಲ. ಮುಂಬೈಯಲ್ಲಿ 2006ರಲ್ಲಿ ಕುಡಿದು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ 7 ಜನರನ್ನು ಕೊಂದ ಅಲಿಸ್ಟರ್ ಪೆರೇರಾ ಕೇಸಿನಲ್ಲಿ, ಇಂಥದ್ದು ಬರೀ ನಿರ್ಲಕ್ಷ್ಯ ಅಲ್ಲ, ಗೊತ್ತಿದ್ದೂ ಮಾಡಿದ್ದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಿತ್ತು. ನಿಮ್ಮ ಕೇಸು ಅಲ್ಲಿಗೆ ಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಗಾಯಾಳುವಿಗೆ ಏನಾದರೂ ಹೆಚ್ಚುಕಮ್ಮಿಯಾಗಿ ಜೀವ ಹೋದರೆ 106, ಅಂದರೆ 5 ವರ್ಷದವರೆಗೆ. ಆಗ ಇನ್ನೂ ಭಾರದ ಸೆಕ್ಷನ್‌ನ ಮಾತೂ ಬರುತ್ತದೆ. ಅವರ ಚಿಕಿತ್ಸೆ ಸರಿಯಾಗಿ ನಡೆಯುವುದು ನಿಮ್ಮ ತಮ್ಮನಿಗೂ ಬೇಕು.

ಜೈಲಾಗುತ್ತದಾ? ಮೊದಲ ತಪ್ಪು, ವಯಸ್ಸು ಚಿಕ್ಕದು ಅಂದರೆ ದಂಡದಲ್ಲಿ ಮುಗಿಸುವ ಅವಕಾಶ ಜಡ್ಜ್ ಕೈಯಲ್ಲಿದೆ. ಆದರೆ ಕುಡಿದಿದ್ದ, ಮೇಲೆ ಓಡಿಹೋದ, ಈ ಎರಡು ಒಟ್ಟಿಗೆ ಬಂದರೆ ಯಾವ ವಕೀಲನೂ 'ನಾನು ನೋಡಿಕೊಳ್ಳುತ್ತೇನೆ' ಎಂದು ಗ್ಯಾರಂಟಿ ಕೊಡಬಾರದು. ಕೊಟ್ಟರೆ ಬೇರೆ ವಕೀಲರನ್ನು ಹುಡುಕಿ. ಲೈಸೆನ್ಸ್ ಅಂತೂ ಕನಿಷ್ಠ 3 ತಿಂಗಳು ಅಮಾನತಾಗುತ್ತದೆ ಎಂದುಕೊಳ್ಳಿ.

ಇನ್ನು ಎರಡು ಲಕ್ಷದ ಮಾತು. 'ಕೇಸು ವಾಪಸ್' ಅನ್ನೋದು ಅವರ ಕೈಯಲ್ಲಿ ಇಲ್ಲ, ಕೇಸು ಸರ್ಕಾರದ್ದು. 125(ಬಿ) ಮಟ್ಟಿಗೆ ಗಾಯಾಳು ಒಪ್ಪಿ, ಕೋರ್ಟೂ ಅನುಮತಿ ಕೊಟ್ಟರೆ ರಾಜಿ ಆಗಬಹುದು. ಗಾಯಾಳು ಅಂದರೆ ಅವರೇ, ಅವರ ಭಾವನೋ ಮೇಸ್ತ್ರಿಯೋ ಅಲ್ಲ. ಆದರೆ 281 ಮತ್ತು 185 ರಾಜಿಗೆ ಬರುವುದಿಲ್ಲ. ಲಕ್ಷ ಕೊಟ್ಟ ಮೇಲೂ ಅವು ನಡೆಯುತ್ತವೆ. ಎಷ್ಟೋ ಮನೆಯವರು ಇದು ಗೊತ್ತಿಲ್ಲದೆ ಊರ ಪಂಚಾಯ್ತಿಯಲ್ಲಿ ದುಡ್ಡು ಎಣಿಸಿ, ಆಮೇಲೆ ಕೋರ್ಟಿನ ಸಮನ್ಸ್ ನೋಡಿ ನನ್ನ ಹತ್ತಿರ ಬಂದಿದ್ದಾರೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಲೈನ್‌ಮನೆಯಲ್ಲಿರುವವರು, ಪಕ್ಕದ ತೋಟದ ಮಾಲೀಕರ ಮನೆಯವರ ಎದುರು ಕೂತು ಹೇಳಿದ 'ಎರಡು ಲಕ್ಷ' ನಿಜವಾಗಿ ಅವರ ಲೆಕ್ಕವಾ? ತೊಡೆ ಮೂಳೆ ಮುರಿದವರು ಎಷ್ಟು ತಿಂಗಳು ಕಾಫಿ ಕುಯ್ಲಿಗೆ, ಕರಿಮೆಣಸಿನ ಏಣಿ ಹತ್ತಲು ಆಗದೆ ಕೂರುತ್ತಾರೆ ನೀವೇ ಯೋಚಿಸಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರೆ ಆ ಸಂಬಳ, ಖರ್ಚು, ನೋವು ಎಲ್ಲ ಲೆಕ್ಕ ಹಾಕುತ್ತಾರೆ. ಅರ್ಜಿಗೆ ಕಾಯ್ದೆಯಲ್ಲಿ ಬರೆದಿರುವ ಗಡುವು 6 ತಿಂಗಳು. ಅವರಿಗೆ ವಕೀಲರಿಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಉಚಿತ ನೆರವು ಕೇಳಬಹುದು. ಇದನ್ನು ನೀವೇ ಅವರಿಗೆ ಹೇಳಿದರೆ ಕೋರ್ಟಿನಲ್ಲಿ ನಿಮಗೆ ನಷ್ಟವೇನೂ ಇಲ್ಲ. ಆಸ್ಪತ್ರೆ ಬಿಲ್ ಕಟ್ಟುವ ಮನಸ್ಸಿದ್ದರೆ ನೇರ ಆಸ್ಪತ್ರೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಖಾಲಿ ಕಾಗದಕ್ಕೆ ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ.

ಇನ್ಶೂರೆನ್ಸ್ ಇದೆ ಅಂತ ಬರೆದಿದ್ದೀರಿ. ಗಾಯಾಳುವಿಗೆ ಕಂಪನಿ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಹೇಳಬಹುದು. ಕುಡಿದು ಓಡಿಸಿದ್ದು ಕಂಪನಿಗೆ ಅದಕ್ಕೊಂದು ಕಾರಣ. ಮಾಲೀಕರು ಯಾರು? ನಿಮ್ಮ ಅಪ್ಪ. ಆರ್‌ಸಿಯಲ್ಲಿ ಅವರ ಹೆಸರಿದ್ದರೆ ನೋಟಿಸ್ ಅವರಿಗೇ ಬರುತ್ತದೆ. ಕಾರಿನ ಬಂಪರ್, ಬಾನೆಟ್ ರಿಪೇರಿಗೆ ಕ್ಲೈಮ್ ಹಾಕುವ ಆಸೆ ಬಿಡಿ. ಕುಡಿದು ಓಡಿಸಿದ ಗಾಡಿಯ ಸ್ವಂತ ನಷ್ಟಕ್ಕೆ ಕಂಪನಿ ದುಡ್ಡು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ.

ಮದುವೆಮನೆಯಲ್ಲಿ ಅವನ ಸ್ಥಿತಿ ನೋಡಿಯೂ 'ಹೋಗು ಹೋಗು, ಹತ್ತಿರವೇ ಅಲ್ವಾ' ಎಂದು ಕೀ ಕೈಗಿಟ್ಟು ಹುರಿದುಂಬಿಸಿದವರು ಯಾರಾದರೂ ಇದ್ದರೆ ಅವರೂ ಸ್ವಲ್ಪ ಯೋಚಿಸಲಿ. 185ಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎಂದು ಮೋಟಾರು ವಾಹನ ಕಾಯ್ದೆಯಲ್ಲೇ 188ನೇ ಸೆಕ್ಷನ್ ಇದೆ.

ಈ ವಾರ ಮಾಡಬೇಕಾದ್ದು ಇಷ್ಟು. ಎಫ್‌ಐಆರ್, ಪಾಲಿಸಿ, ಆರ್‌ಸಿ, ಊದಿಸಿದ ಚೀಟಿಯ ಪ್ರತಿ ಹಿಡಿದು ವಕೀಲರನ್ನು ನೋಡಿ. ತಮ್ಮನೂ ಜೊತೆಗೆ ಬರಲಿ, ನಡೆದದ್ದು ನಡೆದ ಹಾಗೆ ಅವನೇ ಹೇಳಲಿ. ಲೈಸೆನ್ಸ್ ಅಮಾನತಾದ ಮೇಲೆ ಗೊಬ್ಬರದ ಪಿಕಪ್ ಒಂದೇ ಒಂದು ಫರ್ಲಾಂಗ್ ಅಂತ ರಸ್ತೆಗೆ ಇಳಿಸಿದರೂ ಅದು ಇನ್ನೊಂದು ಕೇಸು. ಅಷ್ಟು ದಿನ ಗಾಡಿಯ ಕೀ ನೀವು ಇಟ್ಟುಕೊಳ್ಳಿ.